ಮನೆಯಲ್ಲಿ ಉಳಿದ ಅಪ್ಪ ಕಲಿತದ್ದು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು ಇದು. ಅವತ್ತು ಬರಲಾಗದ ಕೆಲವರು ಬರೆದು ಕೊಡಿ ಎಂದು ಕೇಳಿದರು. ಮಾತಾಡಿದ ಧಾಟಿಯಲ್ಲೇ ಬರೆದಿದ್ದೇನೆ. ಮಾತು ಮುಗಿದ ಮೇಲೆ ನಡೆದ ಒಂದು ಸಂಗತಿಯನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಮಗಳಿಗೆ ಈಗ ನಾಲ್ಕು ವರ್ಷ ತುಂಬಿದೆ. ಈ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದಳು. ಅವಳಿಗೆ ಏಳು ತಿಂಗಳಾದಾಗ ನಾನು ಕೆಲಸ ಬಿಟ್ಟೆ. ಆಮೇಲೆ ಮೂರೂವರೆ ವರ್ಷ ಮನೆಯಲ್ಲೇ ಇದ್ದು ಅವಳನ್ನು ನೋಡಿಕೊಂಡೆ. ಹೆಂಡತಿ ಬ್ಯಾಂಕಿಗೆ ಹೋಗುತ್ತಿದ್ದಳು, ಈಗಲೂ ಹೋಗುತ್ತಾಳೆ.

ಇಷ್ಟು ಹೇಳಿದ ಕೂಡಲೇ ಕೆಲವರು 'ಅಯ್ಯೋ, ಕೆಲಸ ಹೋಯ್ತಾ?' ಅನ್ನುತ್ತಾರೆ. ಇನ್ನು ಕೆಲವರು 'ಗ್ರೇಟ್ ಸಾರ್ ನೀವು' ಅನ್ನುತ್ತಾರೆ. ಈ ಎರಡನೆಯದು ಕೇಳಿದಾಗ ನನಗೆ ಜಾಸ್ತಿ ಕಸಿವಿಸಿ ಆಗುತ್ತದೆ. ಮಗು ಹುಟ್ಟಿದ ಮೇಲೆ ನನ್ನ ಹೆಂಡತಿ 26 ವಾರ ಮನೆಯಲ್ಲಿದ್ದಳು. ರಾತ್ರಿ ನಾಲ್ಕು ಸಲ ಎದ್ದು ಹಾಲು ಕೊಟ್ಟಳು. ಅವಳಿಗೆ ಯಾರೂ ಗ್ರೇಟ್ ಅನ್ನಲಿಲ್ಲ. ಅದೇ ಕೆಲಸ ನನ್ನ ಕೈಗೆ ಬಂದಾಗ ಹೊಗಳಿಕೆ ಬಂತು. ಹಾಗಾಗಿ ನನ್ನ ಮೊದಲ ವಿನಂತಿ: ಇವತ್ತು ನನ್ನನ್ನು ಹೊಗಳಬೇಡಿ. ನಾನು ಏನು ಕಲಿತೆ, ಯಾರಿಂದ ಕಲಿತೆ ಅನ್ನೋದನ್ನು ಕೇಳಿ.

ಕೆಲಸ ಬಿಟ್ಟಿದ್ದಕ್ಕೆ ಕಾರಣವನ್ನೂ ಇದ್ದ ಹಾಗೆ ಹೇಳಿಬಿಡುತ್ತೇನೆ. ಅವಳದು ಕಾಯಂ ನೌಕರಿ. ನನ್ನದು ವರ್ಷ ವರ್ಷ ಮುಂದುವರಿಸುವ ಗುತ್ತಿಗೆ. ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು, ನನ್ನ ಅಮ್ಮ ಇಲ್ಲ. ಪೂರ್ತಿ ದಿನಕ್ಕೆ ಆಳು ಇಟ್ಟರೆ ನನ್ನ ಸಂಬಳದಲ್ಲಿ ಅರ್ಧ ಅಲ್ಲಿಗೇ ಹೋಗುತ್ತಿತ್ತು. ಒಂದು ರಾತ್ರಿ ಊಟದ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಲೆಕ್ಕ ಮುಗಿದಾಗ ನಾನು ಮನೆಯಲ್ಲಿ ಇರೋದು ಅಂತಾಯಿತು. ಅಷ್ಟೇ ನಡೆದದ್ದು.

ಆದರೆ ಅದಕ್ಕೂ ಮೊದಲು ಒಂದು ಸಂಗತಿ ಆಗಿತ್ತು. ಅದು ಆಗದೇ ಇದ್ದಿದ್ದರೆ ಆ ರಾತ್ರಿ ನಾನು ಧೈರ್ಯವಾಗಿ ಹೂಂ ಅನ್ನುತ್ತಿರಲಿಲ್ಲ.

ನಮ್ಮಲ್ಲಿ ಬಾಣಂತನ ಎಲ್ಲಿ ನಡೆಯುತ್ತದೆ? ತವರಿನಲ್ಲಿ, ಅಲ್ವಾ? ಏಳನೇ ತಿಂಗಳೋ ಒಂಬತ್ತನೇ ತಿಂಗಳೋ ಸೀಮಂತ ಮಾಡಿ ಹೆಣ್ಣನ್ನು ಕರೆದುಕೊಂಡು ಹೋಗುತ್ತಾರೆ. ಮಗುವಿಗೆ ಮೂರು ತಿಂಗಳೋ ಐದು ತಿಂಗಳೋ ತುಂಬಿದ ಮೇಲೆ ವಾಪಸ್ ಕಳಿಸುತ್ತಾರೆ. ಹೆಣ್ಣಿಗೆ ತಾಯಿಯ ಮಡಿಲಲ್ಲಿ ವಿಶ್ರಾಂತಿ ಸಿಗಲಿ ಅನ್ನುವ ಒಳ್ಳೆಯ ಪದ್ಧತಿ ಅದು. ಅದನ್ನು ನಾನು ಬೈಯುವುದಿಲ್ಲ. ಆದರೆ ಆ ತಿಂಗಳುಗಳಲ್ಲಿ ಗಂಡ ಎಲ್ಲಿರುತ್ತಾನೆ? ಭಾನುವಾರ ಬಸ್ ಹತ್ತಿ, ಕಿತ್ತಳೆ ಸೇಬು ತೆಗೆದುಕೊಂಡು ನೆಂಟನ ಹಾಗೆ ಹೋಗಿ ಬರುತ್ತಾನೆ. ಮಗುವನ್ನು ಯಾರೋ ಎತ್ತಿ ಕೈಯಲ್ಲಿ ಇಡುತ್ತಾರೆ. ಎರಡು ನಿಮಿಷದಲ್ಲಿ ಅತ್ತರೆ ವಾಪಸ್ ತೆಗೆದುಕೊಳ್ಳುತ್ತಾರೆ. ಆ ಮೂರೋ ಐದೋ ತಿಂಗಳಲ್ಲಿ ಅಮ್ಮನಿಗೆ ಮಗು ಹಿಡಿಯೋದು, ಎರೆಯೋದು, ತೇಗಿಸೋದು, ಮಲಗಿಸೋದು ಎಲ್ಲ ಕೈಗೆ ಬಂದಿರುತ್ತದೆ. ಅಪ್ಪನಿಗೆ ಒಂದೂ ಬಂದಿರುವುದಿಲ್ಲ. ಐದನೇ ತಿಂಗಳಲ್ಲಿ ಮಗು ಮನೆಗೆ ಬಂದಾಗ ಅವಳು ಪಳಗಿದವಳು, ಅವನು ಹೊಸಬ. ಆಮೇಲೆ ನಾವೇ ಹೇಳುತ್ತೇವೆ: 'ಗಂಡಸರಿಗೆ ಇದೆಲ್ಲ ಎಲ್ಲಿ ಬರುತ್ತೆ.'

ನಮ್ಮ ಮನೆಯಲ್ಲಿ ಅತ್ತೆಯ ಮಂಡಿ ನೋವಿನಿಂದಾಗಿ ಬಾಣಂತನ ನಮ್ಮಲ್ಲೇ ಆಯಿತು. ಹೆಂಡತಿಯ ಚಿಕ್ಕಮ್ಮ ಒಂದು ತಿಂಗಳು ಬಂದು ನಿಂತರು. ಮಗು ಎರೆಯಲು ಹಿಂದಿನ ಬೀದಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಎಪ್ಪತ್ತರ ಹತ್ತಿರದ ಅಜ್ಜಿ. ಎಷ್ಟು ಮಕ್ಕಳಿಗೆ ನೀರು ಹಾಕಿದ್ದಾರೋ ಅವರಿಗೇ ಲೆಕ್ಕ ಇಲ್ಲ. ನನಗೆ ಕಂಪನಿಯಿಂದ ಸಿಕ್ಕಿದ್ದು ಐದು ದಿನ ರಜೆ. ಆರನೇ ದಿನದಿಂದ ಬೆಳಗ್ಗೆ ಏಳೂವರೆಗೆ ಆ ಅಜ್ಜಿ ಬಂದು ಹೋಗುವವರೆಗೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಆಫೀಸಿಗೆ ಓಡುತ್ತಿದ್ದೆ.

ಹತ್ತೊಂಬತ್ತನೇ ದಿನವೋ ಇಪ್ಪತ್ತನೇ ದಿನವೋ ಇರಬೇಕು. ಅಜ್ಜಿ ತಿರುಗಿ ನೋಡಿ, 'ಸುಮ್ನೆ ನಿಂತ್ಕೊಂಡು ನೋಡಿದ್ರೆ ಬರಾಕಿಲ್ಲ ಕಣಪ್ಪ, ಬಾ ಕೂತ್ಕೊ' ಅಂದರು.

ಮಣೆಯ ಮೇಲೆ ಕೂತೆ. ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚಿಸಿದರು. ಮೊಣಕಾಲಿಂದ ಪಾದದವರೆಗಿನ ಜಾಗದಲ್ಲಿ ಮಗುವನ್ನು ಅಂಗಾತ ಮಲಗಿಸಿದರು. ತಲೆ ನನ್ನ ಪಾದದ ಕಡೆ, ಅವಳ ಪುಟ್ಟ ಕಾಲು ನನ್ನ ಹೊಟ್ಟೆಯ ಕಡೆ. ಮೈಗೆ ಎಣ್ಣೆ ಹಚ್ಚಿತ್ತು, ಜಾರುತ್ತಿತ್ತು. ಎಡಗೈ ಕತ್ತಿನ ಕೆಳಗೆ. ನೀರಿಗೆ ಮೊದಲು ಮೊಣಕೈ ಅದ್ದಿ ಬಿಸಿ ನೋಡು ಅಂದರು, ಬೆರಳಿಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ತಲೆಗೆ ನೀರು ಹಾಕುವಾಗ ಹಣೆಯ ಮೇಲೆ ಅಂಗೈ ಅಡ್ಡ ಇಟ್ಟು ಕಣ್ಣಿಗೆ ಇಳಿಯದ ಹಾಗೆ ತಡೆಯಬೇಕು. ಬೆನ್ನು ತೊಳೆಯುವಾಗ ಬೋರಲು ತಿರುಗಿಸಿ, ಎದೆಯ ಕೆಳಗೆ ಕೈ ಕೊಟ್ಟು, ಮೂಗು ಬಾಯಿ ಯಾವತ್ತೂ ಮುಚ್ಚದ ಹಾಗೆ ನೋಡಿಕೊಳ್ಳಬೇಕು. ನನ್ನ ಕೈ ಕಲ್ಲಿನ ಹಾಗೆ ಸೆಟೆದುಕೊಂಡಿತ್ತು. ಅಜ್ಜಿ ನನ್ನ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದರು. 'ಕೈ ಬಿಗಿ ಹಿಡೀಬ್ಯಾಡ. ನೀ ಹೆದರಿದ್ರೆ ಕೂಸಿಗೆ ಗೊತ್ತಾಯ್ತದೆ.'

ಕೈ ಸಡಿಲ ಮಾಡಿದೆ. ಮಗು ಅಳು ನಿಲ್ಲಿಸಿತು. ಬಿಸಿನೀರಿನ ಹಬೆಯಲ್ಲಿ ಕಣ್ಣು ಬಿಟ್ಟು ನನ್ನನ್ನೇ ನೋಡಿತು.

ಮಗುವನ್ನು ನೋಡಿಕೊಳ್ಳುವುದು ಕೈಗೆ ಬರುವ ವಿದ್ಯೆ. ರೊಟ್ಟಿ ತಟ್ಟುವ ಹಾಗೆ, ಸೈಕಲ್ ಹೊಡೆಯುವ ಹಾಗೆ. ಹೆಂಗಸರಿಗೂ ಅದು ಹುಟ್ಟಿನಿಂದ ಬಂದಿರುವುದಿಲ್ಲ, ಪಕ್ಕದಲ್ಲಿ ಕೂತವರು ಕಲಿಸುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ, ಅಕ್ಕನಿಂದ ತಂಗಿಗೆ, ಪಕ್ಕದ ಮನೆಯವರಿಂದ ಹೊಸ ಬಾಣಂತಿಗೆ ಅದು ಸಾಗಿ ಬರುತ್ತದೆ. ಗಂಡಸರ ನಡುವೆ ಅಂಥ ದಾರಿಯೇ ಇಲ್ಲ. ನನ್ನ ಅಪ್ಪ ತುಂಬ ಪ್ರೀತಿಯ ಮನುಷ್ಯ. ಆದರೆ ಮಗುವಿಗೆ ಹೊಟ್ಟೆನೋವು ಬಂದರೆ ಹೇಗೆ ಎತ್ತಿಕೊಳ್ಳಬೇಕು ಅಂತ ನಾನು ಅವರನ್ನು ಕೇಳಿದರೆ ಅವರು ಅಮ್ಮನ ಫೋಟೊ ಕಡೆ ನೋಡುತ್ತಿದ್ದರು.

ಇದು ಬರೀ ನನ್ನ ಅನಿಸಿಕೆ ಅಲ್ಲ. ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ರೂತ್ ಫೆಲ್ಡ್‌ಮನ್ ಮತ್ತು ಅವರ ಜೊತೆಗಾರರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಮಗು ಪಡೆದ 89 ಜನ ಅಪ್ಪ ಅಮ್ಮಂದಿರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಅವರದೇ ಮಗುವಿನ ವಿಡಿಯೊ ತೋರಿಸಿ, ಮಿದುಳಿನಲ್ಲಿ ಏನಾಗುತ್ತದೆ ಅಂತ ನೋಡಿದರು. ಕೆಲವು ಮನೆಗಳಲ್ಲಿ ಮಗುವಿನ ಪೂರ್ತಿ ಹೊಣೆ ಅಮ್ಮನದು, ಅಪ್ಪ ಜೊತೆಗೆ ನಿಲ್ಲುವವನು. ಇನ್ನು ಕೆಲವು ಮನೆಗಳಲ್ಲಿ ಇಬ್ಬರು ಗಂಡಸರೇ ಸೇರಿ ಮಗು ಬೆಳೆಸುತ್ತಿದ್ದರು, ಅಲ್ಲಿ ಅಮ್ಮ ಇರಲೇ ಇಲ್ಲ. ಅಮಿಗ್ಡಲಾ ಅಂತ ಮಿದುಳಿನಲ್ಲಿ ಒಂದು ಪುಟ್ಟ ಭಾಗ ಇದೆ. ಭಯ, ಎಚ್ಚರ ಅದರ ಕೆಲಸ. ಮಗುವಿಗೆ ಏನೋ ಆಗುತ್ತಿದೆ ಅಂತ ನಿದ್ದೆಯಲ್ಲೂ ಎಬ್ಬಿಸುತ್ತದಲ್ಲ, ಅಂಥ ಎಚ್ಚರ. ಪೂರ್ತಿ ಹೊಣೆ ಹೊತ್ತ ಗಂಡಸರಲ್ಲಿ ಈ ಭಾಗ ಅಮ್ಮಂದಿರಲ್ಲಿ ಕೆಲಸ ಮಾಡುವ ಹಾಗೇ ಕೆಲಸ ಮಾಡುತ್ತಿತ್ತು. ಅಪ್ಪ ಮಗುವಿನ ಜೊತೆ ಎಷ್ಟು ಹೊತ್ತು ನೇರವಾಗಿ ಕಳೆಯುತ್ತಾನೋ ಅದಕ್ಕೆ ತಕ್ಕ ಹಾಗೆ ಮಿದುಳಿನ ಭಾಗಗಳ ನಡುವಿನ ಹೊಂದಾಣಿಕೆಯೂ ಗಟ್ಟಿಯಾಗಿತ್ತು. ಅಜ್ಜಿ ಹೇಳಿದ್ದೇ ಅದು. ನಿಂತು ನೋಡಿದರೆ ಬರುವುದಿಲ್ಲ.

ಈಗ 'ಸಹಾಯ' ಅನ್ನುವ ಪದದ ಬಗ್ಗೆ ಸ್ವಲ್ಪ ಹೇಳಬೇಕು. 'ನಮ್ಮ ಯಜಮಾನರು ತುಂಬ ಸಹಾಯ ಮಾಡ್ತಾರೆ' ಅಂತ ಹೇಳುವುದನ್ನು ಕೇಳಿರುತ್ತೀರಿ. ಮೊದಲ ಆರು ತಿಂಗಳು ನಾನೂ ಸಹಾಯ ಮಾಡುವವನೇ ಆಗಿದ್ದೆ. ಸಂಜೆ ಬಂದು 'ಏನು ಮಾಡಬೇಕು ಹೇಳು' ಅಂತ ಕೇಳುತ್ತಿದ್ದೆ. ಕೇಳುವಾಗ ಮನಸ್ಸು ಒಳ್ಳೆಯದೇ ಇತ್ತು. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಅವಳು ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಿರಬೇಕಿತ್ತು. ಡೈಪರ್ ಎಷ್ಟು ಉಳಿದಿದೆ, ಮುಂದಿನ ಚುಚ್ಚುಮದ್ದು ಯಾವತ್ತು, ಉಗುರು ಕತ್ತರಿಸಿದ್ದು ಯಾವಾಗ, ಬೆಳಗ್ಗೆ ಕಕ್ಕ ಮಾಡಿದಳಾ ಇಲ್ವಾ. ಕೆಲಸ ಹಂಚಿಕೊಂಡಿದ್ದೆವು, ನೆನಪು ಪೂರ್ತಿ ಅವಳ ತಲೆಯಲ್ಲೇ ಇತ್ತು.

ಅವಳು ಬ್ಯಾಂಕಿಗೆ ವಾಪಸ್ ಹೋದ ಮೊದಲ ದಿನ, ಬೆಳಗ್ಗೆ ಒಂಬತ್ತೂಕಾಲಿಗೆ ಬಾಗಿಲು ಹಾಕಿಕೊಂಡಾಗ, ಆ ನೆನಪು ನನ್ನ ತಲೆಗೆ ಬಂತು. ಕೇಳಲು ಯಾರೂ ಇಲ್ಲ. ಮಗು ಅಳುತ್ತಿದೆ. ಹಸಿವೋ, ನಿದ್ದೆಯೋ, ಸೆಕೆಯೋ ನಾನೇ ಕಂಡುಹಿಡಿಯಬೇಕು. ಅವತ್ತು ಮಧ್ಯಾಹ್ನ ಅಂಗಡಿಗೆ ಹೋಗಿ ಉದ್ದನೆಯ ಲೆಕ್ಕದ ಪುಸ್ತಕ ತಂದೆ, ಕೆಂಪು ಬಟ್ಟೆಯ ರಟ್ಟಿನದು. ಬರೆಯಲು ಶುರು ಮಾಡಿದೆ.

ಮೊದಲ ಪುಟಗಳು ಹೀಗಿವೆ. '6:10 ಹಾಲು. 7:00 ಕಕ್ಕ. 9:40 ರಾಗಿ ಸರಿ, ನಾಲ್ಕು ಚಮಚ, ಅರ್ಧ ಉಗಿದಳು. 11:15 ನಿದ್ದೆ. 11:50 ಎದ್ದಳು, ಯಾಕೆ ಗೊತ್ತಿಲ್ಲ.' ಎರಡು ತಿಂಗಳು ಬರೀ ಇಷ್ಟೇ. ಆಮೇಲೆ ಒಂದು ದಿನ ಹೀಗೆ ಬರೆದಿದ್ದೇನೆ: 'ಕಿಟಕಿ ಹೊರಗಿನ ಕಾಗೆಗೆ ಟಾಟಾ ಮಾಡಿದಳು. ಅದು ಹಾರಿಹೋದ ಮೇಲೂ ಕೈ ಆಡಿಸುತ್ತಲೇ ಇದ್ದಳು.' ಅಲ್ಲಿಂದ ಮುಂದೆ ಹೊತ್ತು ಕಮ್ಮಿಯಾಗುತ್ತದೆ, ಮಾತು ಜಾಸ್ತಿಯಾಗುತ್ತದೆ. ಬೆಳಗ್ಗೆ ನಿದ್ದೆಗೂ ಸಂಜೆಯ ಹಠಕ್ಕೂ ಇರುವ ಸಂಬಂಧ ಆ ಪುಸ್ತಕದಿಂದಲೇ ನನಗೆ ಹೊಳೆದದ್ದು.

ಆ ಪುಸ್ತಕ ಒಂದು ಸಲ ತುಂಬ ದೊಡ್ಡ ಉಪಕಾರ ಮಾಡಿತು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಬೇಕು, ವಿಟಮಿನ್ ಎ ಹನಿಯೂ ಆಗಲೇ. ಮಗಳನ್ನು ಎತ್ತಿಕೊಂಡು ಹೋದೆ. ಕೈಯಲ್ಲಿ ತಾಯಿ ಕಾರ್ಡ್. ಅದರ ಹೆಸರೇ ಹಾಗೆ, ತಾಯಿ ಕಾರ್ಡ್. ಬೆಂಚಿನ ಮೇಲೆ ಇದ್ದವರೆಲ್ಲ ಹೆಂಗಸರು. ಸಿಸ್ಟರ್ ಕಾರ್ಡ್ ನೋಡಿ, ತಲೆ ಎತ್ತಿ, 'ತಾಯಿ ಬಂದಿಲ್ವಾ ಸಾರ್?' ಅಂದರು. ಕೆಲಸಕ್ಕೆ ಹೋಗಿದ್ದಾರೆ ಅಂದೆ. 'ಹಾಗಾದ್ರೆ ಫೋನ್ ಮಾಡಿ ಕೊಡಿ, ಮಗು ಬಗ್ಗೆ ಕೇಳಬೇಕು' ಅಂದರು. ನನಗೆ ಒಂದು ಕ್ಷಣ ಗಂಟಲು ಕಟ್ಟಿತು. ಎರಡು ತಿಂಗಳಿಂದ ಹಗಲೆಲ್ಲ ಅವಳ ಜೊತೆ ಇದ್ದವನು ನಾನು. 'ನನ್ನನ್ನೇ ಕೇಳಿ ಸಿಸ್ಟರ್, ಹಗಲು ನೋಡಿಕೊಳ್ಳುವವನು ನಾನೇ' ಅಂದೆ. ಅವರು ಕೇಳಿದರು: ಕಳೆದ ಜ್ವರ ಯಾವಾಗ, ಎಷ್ಟು ದಿನ, ಏನು ಊಟ, ಎಷ್ಟು ಸಲ. ನಾನು ಪುಸ್ತಕ ತೆರೆದು ಒಂದೊಂದಾಗಿ ಓದಿ ಹೇಳಿದೆ. ಅವರು ಬರೆದುಕೊಂಡರು. ಹದಿನಾರನೇ ತಿಂಗಳ ಬೂಸ್ಟರಿಗೆ ಹೋದಾಗ ಅದೇ ಸಿಸ್ಟರ್ ನನ್ನನ್ನು ನೋಡಿ, 'ಬನ್ನಿ ಸಾರ್, ಪುಸ್ತಕ ತಂದಿದ್ದೀರಾ?' ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಸಿಸ್ಟರ್ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಅವರು ದಿನಾ ನೋಡುವುದು ಅಮ್ಮಂದಿರನ್ನೇ. ಕಾನೂನು ಕೂಡ ಹಾಗೇ ಯೋಚಿಸಿಕೊಂಡು ಬಂದಿದೆ. 1948ರ ಕಾರ್ಖಾನೆ ಕಾಯ್ದೆ ಬರೆದಾಗ, ಶಿಶುಪಾಲನಾ ಕೊಠಡಿ ಬೇಕೋ ಬೇಡವೋ ಅಂತ ತೀರ್ಮಾನಿಸಲು ಎಣಿಸಿದ್ದು ಹೆಂಗಸರನ್ನು ಮಾತ್ರ. ಕಾರ್ಖಾನೆಯಲ್ಲಿ ಇನ್ನೂರು ಜನ ಅಪ್ಪಂದಿರು ಇದ್ದರೂ ಕೊಠಡಿಯ ಲೆಕ್ಕಕ್ಕೆ ಅವರು ಬರುತ್ತಿರಲಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಲೂ ಆಯಿತು. ಗಂಡಸರು ಹೆಂಗಸರು ಸೇರಿ 50. ಇದು ಒಳ್ಳೆಯ ಹೆಜ್ಜೆ. ಆದರೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತ ಅದರಲ್ಲಿ ಬರೆದಿದ್ದು ತಾಯಿಗೆ ಮಾತ್ರ. ಅಪ್ಪನ ರಜೆಯ ಮಾತು ಅದರಲ್ಲಿ ಇರಲೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ಅದೇ 2017ರಲ್ಲಿ ಸಂಸದ ರಾಜೀವ್ ಸಾತವ್ ಎಲ್ಲ ಅಪ್ಪಂದಿರಿಗೂ ರಜೆ ಸಿಗಲಿ ಅಂತ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆ ತಂದರು, ಅಂದರೆ ಸರ್ಕಾರದ್ದಲ್ಲ, ಸಂಸದರೇ ಮಂಡಿಸುವ ಮಸೂದೆ. ಅದು ಕಾನೂನಾಗಲಿಲ್ಲ. ನನ್ನ ಆ ಐದು ದಿನ ನೆನಪಾದಾಗಲೆಲ್ಲ ಆ ಮಸೂದೆ ನೆನಪಾಗುತ್ತದೆ.

ಸ್ವೀಡನ್ ಕಥೆ ಕೇಳಿ. 1974ರಲ್ಲಿ ಅವರು ತಾಯಿಯ ರಜೆ ಅನ್ನುವುದನ್ನು ತೆಗೆದು, ಅಪ್ಪ ಅಮ್ಮ ಇಬ್ಬರಿಗೂ ಸೇರಿ ಒಂದೇ ರಜೆ ಮಾಡಿದರು. ಹೀಗೆ ಮಾಡಿದ ಮೊದಲ ದೇಶ ಅದು. ಅಪ್ಪಂದಿರು ತೆಗೆದುಕೊಂಡರಾ? ಇಲ್ಲ. ಶುರುವಿನಲ್ಲಿ ಒಟ್ಟು ರಜೆಯಲ್ಲಿ ಅವರ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಸರ್ಕಾರ ಭಾರ ಎತ್ತುವ ಒಬ್ಬ ದೈತ್ಯ ಕ್ರೀಡಾಪಟುವಿನ ಕೈಯಲ್ಲಿ ಪುಟ್ಟ ಮಗು ಕೊಟ್ಟು ಫೋಟೊ ತೆಗೆಸಿ ಊರೆಲ್ಲ ಅಂಟಿಸಿತು. ಆದರೂ ಜನ ನಿಧಾನಕ್ಕೆ ಬದಲಾದರು. 1995ರಲ್ಲಿ ಒಂದು ತಿಂಗಳನ್ನು ಒಬ್ಬೊಬ್ಬರಿಗೇ ಮೀಸಲಿಟ್ಟರು. ಅಪ್ಪ ತನ್ನ ಪಾಲಿನ ತಿಂಗಳು ತೆಗೆದುಕೊಳ್ಳದಿದ್ದರೆ ಅದು ಅಮ್ಮನಿಗೂ ಸಿಗುವುದಿಲ್ಲ, ಹೋಯಿತು ಅಂತಲೇ ಲೆಕ್ಕ. 2016ರಿಂದ ಆ ಮೀಸಲು 90 ದಿನ. ಈಗ ಒಟ್ಟು ರಜೆಯಲ್ಲಿ ನೂರಕ್ಕೆ ಸುಮಾರು 30 ಭಾಗ ಅಪ್ಪಂದಿರದು. ಅಲ್ಲಿರುವ ನನ್ನ ಸ್ನೇಹಿತ, ನಮ್ಮ ಹಾಸನದ ಕಡೆಯವನು, ಆರು ತಿಂಗಳು ಮಗಳ ಜೊತೆ ಮನೆಯಲ್ಲಿದ್ದ. ಬೀದಿಯಲ್ಲಿ ತಳ್ಳುಗಾಡಿ ತಳ್ಳಿಕೊಂಡು ಹೋಗುವಾಗ ಎದುರು ಬಂದವರಲ್ಲಿ ಅರ್ಧ ಅಪ್ಪಂದಿರೇ ಅಂತ ಹೇಳಿದ. ಯಾರೂ ತಿರುಗಿ ನೋಡುವುದಿಲ್ಲವಂತೆ. ಅದನ್ನು ಕೇಳಿ ನನಗೆ ಆಸೆಯಾಯಿತು.

ನಮ್ಮ ದೇಶದ ಲೆಕ್ಕವೂ ಇದೆ. ದಿನದ ಹೊತ್ತು ಹೇಗೆ ಕಳೆಯುತ್ತೀರಿ ಅಂತ ಕೇಂದ್ರ ಸರ್ಕಾರ ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆ ಅದು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ, 2019ರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಹೆಂಗಸರು 289, ಗಂಡಸರು 88. ಇಬ್ಬರದೂ ಸ್ವಲ್ಪ ಇಳಿದಿದೆ, ಅಂತರ ಹಾಗೇ ನಿಂತಿದೆ. ಮಕ್ಕಳು, ಹಿರಿಯರು, ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸದಲ್ಲಿ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಜನ ತೊಡಗಿದ್ದಾರೆ. ಗಂಡಸರಲ್ಲಿ 21 ಜನ. ಆ 21 ಜನ ಎಲ್ಲಿದ್ದಾರೆ, ಯಾಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಂತ ನಾನು ಯೋಚಿಸುತ್ತಿದ್ದೆ. ಆಮೇಲೆ ಅವರಲ್ಲಿ ಮೂವರು ನಮ್ಮ ಪಾರ್ಕಿನಲ್ಲೇ ಸಿಕ್ಕರು.

ಅದಕ್ಕೂ ಮುಂಚಿನ ತಿಂಗಳುಗಳು ತುಂಬ ಒಂಟಿತನದವು. ಸಂಜೆ ನಾಲ್ಕೂವರೆಗೆ ಮಗಳನ್ನು ಜಾರುಬಂಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಮ್ಮಂದಿರು, ಅಜ್ಜಿಯರು ಬೆಂಚಿನ ಮೇಲೆ ಕೂತು ಮಾತಾಡುತ್ತಿರುತ್ತಿದ್ದರು. ಹಲ್ಲು ಬರುವಾಗ ಏನು ಮಾಡಿದೆ, ಯಾವ ಡಾಕ್ಟರ್ ಒಳ್ಳೆಯವರು, ಯಾವ ಅಂಗನವಾಡಿ ಟೀಚರ್ ಮಕ್ಕಳನ್ನು ಚೆನ್ನಾಗಿ ನೋಡ್ಕೋತಾರೆ. ನನಗೆ ಬೇಕಾದ ಮಾತೆಲ್ಲ ಹತ್ತು ಅಡಿ ದೂರದಲ್ಲಿ ನಡೆಯುತ್ತಿತ್ತು. ನಾನು ಹೋಗಿ ಕೂತರೆ ಮಾತು ನಿಲ್ಲುತ್ತಿತ್ತು. ಅವರದು ತಪ್ಪಲ್ಲ. ಬಾಣಂತನದ ನೋವು, ಹಾಲಿನ ತೊಂದರೆ, ಅತ್ತೆಯ ಮಾತು ಎಲ್ಲವನ್ನೂ ಗೊತ್ತಿಲ್ಲದ ಗಂಡಸಿನ ಮುಂದೆ ಹೇಗೆ ಆಡುತ್ತಾರೆ?

ಹೀಗಿರುವಾಗ ಒಬ್ಬರು ಪರಿಚಯವಾದರು. ರಾತ್ರಿ ಪಾಳಿಯ ವಾಚ್‌ಮನ್. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಗ್ಗೆ ಆರಕ್ಕೆ ಇವರು ಮನೆಗೆ ಬರುತ್ತಾರೆ, ಏಳಕ್ಕೆ ಅವರು ವ್ಯಾನ್ ಹತ್ತುತ್ತಾರೆ. ಹಗಲು ಎರಡು ಮಕ್ಕಳ ಊಟ, ಸ್ನಾನ, ನಿದ್ದೆ ಇವರದು. ಮಕ್ಕಳು ಮಲಗಿದಾಗ ಇವರೂ ಮಲಗುತ್ತಾರೆ. ಮದ್ದೂರು, ರಾಮನಗರ, ಕನಕಪುರದ ಕಡೆ ಬೆಳಕು ಹರಿಯುವ ಮುಂಚೆ ಹೆಂಗಸರನ್ನು ತುಂಬಿಕೊಂಡು ಬೆಂಗಳೂರಿನತ್ತ ಹೊರಡುವ ವ್ಯಾನ್‌ಗಳನ್ನು ನೀವು ನೋಡಿದ್ದೀರಿ. ಅಷ್ಟು ಮನೆಗಳಲ್ಲಿ ಮಕ್ಕಳಿಗೆ ತಲೆ ಬಾಚಿ ಶಾಲೆಗೆ ಕಳಿಸುವವರು ಯಾರು? ಎಷ್ಟೋ ಕಡೆ ಅಜ್ಜಿ, ಎಷ್ಟೋ ಕಡೆ ಅಪ್ಪ. ಅವರು ಅದಕ್ಕೆ ಯಾವ ಹೆಸರೂ ಇಟ್ಟುಕೊಂಡಿಲ್ಲ. ಮನೆಯಲ್ಲಿರುವ ಅಪ್ಪ ಅಂದರೆ ಐಟಿ ಜನರ ಹೊಸ ಶೋಕಿ ಅಂತ ಯಾರಾದರೂ ಅಂದರೆ ನಾನು ಈ ವಾಚ್‌ಮನ್ ಅಣ್ಣನನ್ನು ನೆನಪಿಸಿಕೊಳ್ಳುತ್ತೇನೆ. ನನಗಿಂತ ಆರು ವರ್ಷ ಮೊದಲೇ ಈ ಕೆಲಸ ಶುರು ಮಾಡಿದವರು ಅವರು.

ಮಧ್ಯ ಆಫ್ರಿಕಾದ ಕಾಡಿನಲ್ಲಿ ಆಕಾ ಅನ್ನುವ ಜನ ಇದ್ದಾರೆ. ಬ್ಯಾರಿ ಹ್ಯೂಲೆಟ್ ಅನ್ನುವ ಮಾನವಶಾಸ್ತ್ರಜ್ಞ ಅವರ ಜೊತೆ ಇದ್ದು ಗಮನಿಸಿದ್ದಾರೆ. ಅಲ್ಲಿ ಅಪ್ಪ ದಿನದ ನೂರಕ್ಕೆ 47 ಭಾಗ ಹೊತ್ತು ಮಗುವನ್ನು ಎತ್ತಿಕೊಂಡಿರುತ್ತಾನೆ, ಇಲ್ಲವೇ ಕೈಗೆ ಎಟುಕುವಷ್ಟು ಹತ್ತಿರ ಇರುತ್ತಾನೆ. ಅಲ್ಲಿ ಗಂಡ ಹೆಂಡತಿ ಒಟ್ಟಿಗೆ ಬಲೆ ಹಿಡಿದು ಬೇಟೆಗೆ ಹೋಗುತ್ತಾರೆ, ಮಗುವೂ ಜೊತೆಗೇ. ದುಡಿಮೆ ಹಾಗಿದೆ, ಅದಕ್ಕೇ ಅಪ್ಪ ಹತ್ತಿರ ಇದ್ದಾನೆ. ವಾಚ್‌ಮನ್ ಅಣ್ಣನ ಮನೆಯದೂ ಅದೇ ಕಥೆ, ನಮ್ಮ ಮನೆಯದೂ ಅದೇ ಕಥೆ.

ಮಗಳಿಗೆ ಒಂದೂವರೆ ವರ್ಷವಿದ್ದಾಗ ಒಂದು ಸಲ ಭೇದಿ ಹತ್ತಿತು. ನಾನು ಓಆರ್‌ಎಸ್ ತಂದು ಒಂದು ಲೋಟಕ್ಕೆ ಒಂದಿಷ್ಟು ಪುಡಿ ಹಾಕಿ ಕಲಸಿ ಕುಡಿಸುತ್ತಿದ್ದೆ. ಪಾರ್ಕಿನಲ್ಲಿ ಹೇಳಿದಾಗ ಅಣ್ಣ ತಲೆ ಅಲ್ಲಾಡಿಸಿದರು. 'ಹಂಗೆ ಮಾಡಬೇಡಿ ಸಾರ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೇ ಹಾಕಬೇಕು. ಆಶಾ ಅಕ್ಕ ಹೇಳಿಕೊಟ್ಟಿದ್ದು. ಗಟ್ಟಿಯಾದ್ರೂ ತೊಂದರೆ, ನೀರಾದ್ರೂ ತೊಂದರೆ. ಒಂದು ದಿನ ಆದ್ಮೇಲೆ ಉಳಿದಿದ್ದು ಚೆಲ್ಲಿಬಿಡಿ.' ಡಾಕ್ಟರೂ ಅದನ್ನೇ ಹೇಳಿದರು, ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಟ್ಟರು. ಅವತ್ತು ರಾತ್ರಿ ಕೆಂಪು ಪುಸ್ತಕದಲ್ಲಿ ಅಣ್ಣ ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಒಬ್ಬ ಅಪ್ಪನಿಂದ ಇನ್ನೊಬ್ಬ ಅಪ್ಪನಿಗೆ ಬಂದ ಮೊದಲ ಪಾಠ ಅದು. ಆಮೇಲೆ ಇನ್ನಿಬ್ಬರು ಸೇರಿಕೊಂಡರು. ಒಬ್ಬರ ಹೆಂಡತಿ ನರ್ಸ್, ಇನ್ನೊಬ್ಬರು ಕ್ಯಾಬ್ ಓಡಿಸುವವರು. ಯಾರು ಏನು ಹೇಳಿದರೂ ಬರೆದೆ. ಕ್ಯಾಬ್‌ನವರು ಮಗಳಿಗೆ ಎರಡು ಜಡೆ ಹೆಣೆಯುವುದನ್ನು ಮಾತಿನಲ್ಲಿ ಎಷ್ಟು ಚೆನ್ನಾಗಿ ಹೇಳಿದರು ಅಂದರೆ, ಅದನ್ನು ಓದಿಕೊಂಡೇ ನಾನು ಜಡೆ ಹಾಕಿದೆ.

ಅದಕ್ಕೇ ನಾನು ಅಪ್ಪಂದಿರಿಗೆ ಬರೆಯಿರಿ ಅಂತ ಹೇಳುವುದು. ಹೆಂಗಸರಿಗೆ ಅಜ್ಜಿ ಇದ್ದಾರೆ, ಬೆಂಚು ಇದೆ. ನಮಗೆ ಆ ದಾರಿ ಇಲ್ಲ, ಮಾಡಿಕೊಳ್ಳಬೇಕು. ಬರೆಯುವುದು ಅದರಲ್ಲಿ ಸುಲಭದ್ದು. ನಿಮ್ಮ ಮಗು ಎಷ್ಟು ಮುದ್ದು ಅಂತ ಬರೆಯಬೇಡಿ, ಅದು ನಮಗೆ ಗೊತ್ತಿರುವುದೇ. ರಾಗಿಯನ್ನು ಎಷ್ಟು ಹೊತ್ತು ನೆನೆಸಿದಿರಿ, ಮೊಳಕೆ ಕಟ್ಟಿದ ಬಟ್ಟೆ ಯಾಕೆ ವಾಸನೆ ಬಂತು, ಒಣಗಿಸಿ ಬೀಸಿದ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿಯದೆ ಕೊಟ್ಟಾಗ ಏನಾಯಿತು, ಅದನ್ನು ಬರೆಯಿರಿ. ಸಿಟ್ಟು ಬಂದು ಕೂಗಿದ ದಿನವನ್ನೂ ಬರೆಯಿರಿ. ನಾನು ಒಂದು ಸಲ ಕೂಗಿದ್ದೇನೆ. ಅವಳು ಹೆದರಿ ಬಾಗಿಲ ಹಿಂದೆ ನಿಂತಳು. ಆ ಪುಟವನ್ನು ಹರಿಯಬೇಕು ಅನಿಸಿತ್ತು, ಹರಿಯಲಿಲ್ಲ. ಆಮೇಲೆ ಪಾರ್ಕಿನಲ್ಲಿ ಅದನ್ನೇ ಓದಿದಾಗ ಮೂವರೂ ತಮ್ಮ ತಮ್ಮ ಅಂಥ ದಿನಗಳನ್ನು ಹೇಳಿದರು. ಅದುವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ.

ದುಡ್ಡಿನ ವಿಷಯ ಮರೆಮಾಚುವುದಿಲ್ಲ. ಮೂರೂವರೆ ವರ್ಷದಲ್ಲಿ ನನ್ನ ಪಿಎಫ್ ಖಾಲಿಯಾಯಿತು. ಹೆಂಡತಿಯ ಹತ್ತಿರ ಚಪ್ಪಲಿಗೆ ದುಡ್ಡು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಮ್ಮ ಜೀವನಪೂರ್ತಿ ಹಾಗೇ ಕೇಳಿದ್ದರು ಅಂತ ಅವತ್ತು ಹೊಳೆಯಿತು. ಮರುದಿನ ಕೂತು ಮಾತಾಡಿದೆವು. ಮನೆಗೆ ಬರುವ ದುಡ್ಡು ಜಂಟಿ ಖಾತೆಗೆ ಹೋಗಲಿ, ಇಬ್ಬರ ಹತ್ತಿರವೂ ಕಾರ್ಡ್ ಇರಲಿ ಅಂತ ಮಾಡಿಕೊಂಡೆವು. ನಿಮ್ಮಲ್ಲಿ ಯಾರಾದರೂ ಒಬ್ಬರು ಮನೆಯಲ್ಲಿ ಉಳಿಯುವುದಾದರೆ, ಅವರು ಗಂಡಾಗಲಿ ಹೆಣ್ಣಾಗಲಿ, ಈ ಕೆಲಸವನ್ನು ಮೊದಲ ದಿನವೇ ಮಾಡಿ. ಈಗ ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಇಂಟರ್‌ವ್ಯೂನಲ್ಲಿ ಈ ಮೂರೂವರೆ ವರ್ಷ ಏನು ಮಾಡಿದಿರಿ ಅಂತ ಕೇಳುತ್ತಾರೆ. ಮಗಳನ್ನು ಬೆಳೆಸಿದೆ ಅಂತ ಹೇಳುತ್ತೇನೆ. ಇನ್ನೂ ಕೆಲಸ ಸಿಕ್ಕಿಲ್ಲ.

ದೊಡ್ಡವರು ದಾರಿ ಮಾಡಿದರೆ ಸುಲಭವಾಗುತ್ತದೆ. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ನಮ್ಮ ತಂಡ 36 ರನ್ನಿಗೆ ಔಟಾದ ಮೇಲೆ ವಿರಾಟ್ ಕೊಹ್ಲಿ ಮಗುವಿನ ಜನನಕ್ಕೆ ಅಂತ ಮನೆಗೆ ಬಂದರು. ಎಷ್ಟು ಚರ್ಚೆ ಆಯಿತು ಆಗ! 2025ರ ಮಾರ್ಚ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಮಗಳು ಹುಟ್ಟುವಾಗ ಐಪಿಎಲ್‌ನಲ್ಲಿ ತಮ್ಮ ತಂಡದ ಮೊದಲ ಪಂದ್ಯ ಬಿಟ್ಟರು. ಆಗ ಎಲ್ಲರೂ ಶುಭಾಶಯ ಹೇಳಿದರು, ಅಷ್ಟೇ. ನಾಲ್ಕೇ ವರ್ಷದಲ್ಲಿ ಅಷ್ಟು ಬದಲಾಗಿದೆ. ನಮ್ಮ ರಾಜ್ಯದಲ್ಲಿ 'ಕೂಸಿನ ಮನೆ' ಅಂತ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳೂ ಬಂದಿವೆ. ಆ ಹೆಸರು ನನಗೆ ತುಂಬ ಇಷ್ಟ. ಅದರಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ, ಕೂಸು ಮಾತ್ರ ಇದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಪ್ರಶ್ನೆ ಇದ್ದರೆ ಕೇಳಿ.

ಪ್ರಶ್ನೆಗಳು ಮುಗಿದ ಮೇಲೆ ಗ್ರಂಥಾಲಯದವರು ಶಾಲು ಹೊದಿಸಿದರು. ಜನ ಕಾಫಿ ಕಡೆ ಹೋದರು. ಅರವತ್ತು ದಾಟಿದ ಒಬ್ಬರು ಹಿಂದಿನ ಸಾಲಿನಿಂದ ನಿಧಾನಕ್ಕೆ ಬಂದರು. ರಿಟೈರಾದ ಮೇಷ್ಟ್ರು ಅಂತ ಪರಿಚಯ ಹೇಳಿಕೊಂಡರು. ಮೂರು ಮಕ್ಕಳನ್ನು ಬೆಳೆಸಿದವರು. 'ನಾನು ಒಂದು ದಿನವೂ ಅವರಿಗೆ ನೀರು ಹಾಕಿಲ್ಲ' ಅಂದರು. ಮುಂದಿನ ತಿಂಗಳು ಮಗನಿಗೆ ಮಗು ಆಗಲಿದೆ. ಸೊಸೆಯ ತಾಯಿ ತೀರಿಕೊಂಡಿದ್ದಾರೆ, ಇವರ ಹೆಂಡತಿಗೆ ಕೈ ನಡುಕ. ಮನೆಯಲ್ಲಿ ಗಟ್ಟಿಮುಟ್ಟಾಗಿರುವವರು ಇವರೊಬ್ಬರೇ. 'ಕತ್ತಿನ ಕೆಳಗೆ ಕೈ ಹೇಗೆ ಕೊಡಬೇಕು ಅಂದಿರಲ್ಲ, ಅದು ಸರಿಯಾಗಿ ಗೊತ್ತಾಗಲಿಲ್ಲ' ಅಂದರು.

ಶಾಲನ್ನು ತೆಗೆದು ಸುತ್ತಿದೆ. ಒಂದು ತುದಿಯನ್ನು ಗಂಟು ಹಾಕಿ ತಲೆ ಮಾಡಿದೆ. ಇಬ್ಬರೂ ನೆಲದ ಮೇಲೆ ಕೂತೆವು. ಪಂಚೆ ಸರಿಮಾಡಿಕೊಂಡು ಅವರು ಕಾಲು ಚಾಚಿದರು. ಶಾಲಿನ ಮಗುವನ್ನು ಅವರ ಕಾಲ ಮೇಲೆ ಮಲಗಿಸಿ, ಅವರ ಎಡಗೈ ಹಿಡಿದು ಗಂಟಿನ ಕೆಳಗೆ ಇಟ್ಟೆ. ಬೋರಲು ತಿರುಗಿಸುವಾಗ ಎರಡು ಸಲ ಜಾರಿತು. ಮೂರನೇ ಸಲ ನಿಂತಿತು. ಅವರ ಬೆರಳುಗಳು ಬಿಳಿಚಿಕೊಂಡಿದ್ದವು, ಅಷ್ಟು ಬಿಗಿಯಾಗಿ ಹಿಡಿದಿದ್ದರು. ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದೆ.

'ಕೈ ಸಡಿಲ ಬಿಡಿ ಸಾರ್' ಅಂದೆ.

ಅವರು ಉಸಿರು ಬಿಟ್ಟು, 'ಇನ್ನೊಂದು ಸಲ ಮೊದಲಿಂದ ಮಾಡ್ತೀನಿ' ಅಂದರು.